ನ್ಯಾನೊ ಕಣಗಳ ಲೆಕ್ಕ ಇಟ್ಟವರು ಯಾರು?

ಚೀನಾದ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಏಳು ಹೆಣ್ಣುಮಕ್ಕಳ ಎದೆಯ ಕಾಯಿಲೆಯ ಬಗ್ಗೆ 2009ರಲ್ಲಿ ‘ಯುರೋಪಿಯನ್ ರೆಸ್ಪಿರೇಟರಿ ಜರ್ನಲ್’ ಎಂಬ ವೈದ್ಯಕೀಯ ಪತ್ರಿಕೆ ಒಂದು ವರದಿ ಪ್ರಕಟಿಸಿತು. 18ರಿಂದ 47 ವರ್ಷದೊಳಗಿನ ಇವರೆಲ್ಲ ಪಾಲಿಸ್ಟೈರೀನ್ ಹಲಗೆಗಳ ಮೇಲೆ ಪಾಲಿಅಕ್ರಿಲೇಟ್ ಲೇಪನ ಸಿಂಪಡಿಸುವ ಒಂದೇ ವಿಭಾಗದವರು. ಕೆಲಸದ ಕೋಣೆಗೆ ಕಿಟಕಿ ಇರಲಿಲ್ಲ, ಇದ್ದದ್ದು ಒಂದು ಬಾಗಿಲು. ಹೊಗೆ ಹೊರಗೆಳೆಯುವ ಯಂತ್ರ ಕೆಟ್ಟು ತಿಂಗಳುಗಳೇ ಆಗಿದ್ದವು. ಚಳಿ ಎಂದು ಆ ಬಾಗಿಲನ್ನೂ ಮುಚ್ಚಿಡುತ್ತಿದ್ದರು. 5ರಿಂದ 13 ತಿಂಗಳು ಅಲ್ಲಿ ಕೆಲಸ ಮಾಡುವಷ್ಟರಲ್ಲಿ ಏಳೂ ಜನರಿಗೆ ಏದುಸಿರು ಬಂತು, ಮುಖ ಮತ್ತು ತೋಳುಗಳಲ್ಲಿ ತುರಿಕೆ ಎದ್ದಿತು, ಶ್ವಾಸಕೋಶದ ಸುತ್ತ ನೀರು ತುಂಬಿತು. ಇಬ್ಬರು ತೀರಿಕೊಂಡರು. ಬೀಜಿಂಗಿನ ಆಸ್ಪತ್ರೆಯ ವೈದ್ಯರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವರ ಎದೆಯಿಂದ ತೆಗೆದ ದ್ರವದಲ್ಲೂ ಅಂಗಾಂಶದಲ್ಲೂ ಸುಮಾರು 30 ನ್ಯಾನೊಮೀಟರ್ ಗಾತ್ರದ ಕಣಗಳು ಕಂಡವು. ಅಂಥವೇ ಕಣಗಳು ಕೋಣೆಯ ಧೂಳಿನಲ್ಲೂ ಇದ್ದವು.

ಸಾವಿಗೆ ಆ ಕಣಗಳೇ ಕಾರಣವೇ? ಜಗತ್ತಿನ ವಿಷವಿಜ್ಞಾನಿಗಳು ಇದರ ಬಗ್ಗೆ ವಾದಿಸಿದರು. ಗಾಳಿಯಾಡದ ಕೋಣೆಯಲ್ಲಿ ದ್ರಾವಕಗಳ ಆವಿ ಇತ್ತು, ಬಿಸಿಯಾದ ಪ್ಲಾಸ್ಟಿಕ್ಕಿನ ಹೊಗೆ ಇತ್ತು, ಅವೂ ಶ್ವಾಸಕೋಶವನ್ನು ಹಾಳು ಮಾಡಬಲ್ಲವು ಎಂದು ಹಲವರು ಹೇಳಿದರು. ಅವರ ಮಾತಿನಲ್ಲಿ ಹುರುಳಿದೆ. ಆದರೆ ಈ ವಾದ ಕೊನೆಗಾಣದೆ ಉಳಿದದ್ದು ಏಕೆಂದರೆ, ಆ ಹೆಂಗಸರು ಅಲ್ಲಿ ದುಡಿಯುತ್ತಿದ್ದಾಗ ಕೋಣೆಯ ಗಾಳಿಯಲ್ಲಿ ಏನಿತ್ತು, ಎಷ್ಟಿತ್ತು ಎಂದು ಯಾರೂ ಅಳೆದಿರಲಿಲ್ಲ. ಅಳತೆ ಇಲ್ಲದ್ದರಿಂದ ಕಣಗಳನ್ನು ತಪ್ಪಿತಸ್ಥ ಎನ್ನಲೂ ಆಗಲಿಲ್ಲ, ನಿರಪರಾಧಿ ಎನ್ನಲೂ ಆಗಲಿಲ್ಲ.

ಈ ಲೇಖನದಲ್ಲಿ ನಾನು ಕೊಡಬೇಕೆಂದಿರುವ ಎಚ್ಚರಿಕೆ ಇದೇ. ಭಾರತದಲ್ಲಿ ನ್ಯಾನೊ ವಸ್ತುಗಳು ಔಷಧ, ಬಟ್ಟೆ, ಬಣ್ಣ, ಸೌಂದರ್ಯವರ್ಧಕ, ನೀರಿನ ಫಿಲ್ಟರ್, ಈಗ ಗೊಬ್ಬರ ಎಂದು ಒಂದೊಂದಾಗಿ ಮನೆ ಮತ್ತು ಹೊಲ ಸೇರುತ್ತಿವೆ. ನಾಳೆ ಇವುಗಳಲ್ಲಿ ಯಾವುದೋ ಒಂದು ಯಾರದೋ ಎದೆಯನ್ನೋ ಯಾವುದೋ ಕೆರೆಯನ್ನೋ ಕೆಡಿಸಿದರೆ, ಕೆಡಿಸಿದ್ದು ಅದೇ ಎಂದು ಹೇಳಲು ಬೇಕಾದ ಪಟ್ಟಿ, ಅಳತೆ, ದಾಖಲೆ ಯಾವುದೂ ನಮ್ಮ ಬಳಿ ಇರುವುದಿಲ್ಲ. ಲಾಭದ ಲೆಕ್ಕವನ್ನು ಮಾತ್ರ ಮೊದಲೇ ಬರೆದಿಟ್ಟುಕೊಂಡಿದ್ದೇವೆ.

ಒಂದು ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊ ಕಣ ಎನ್ನುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. ಗಾತ್ರ ಇಷ್ಟು ಇಳಿದಾಗ ವಸ್ತುವಿನ ಗುಣವೇ ಬದಲಾಗುತ್ತದೆ. ಹಳದಿ ಚಿನ್ನ ಕೆಂಪಾಗುತ್ತದೆ. ಯಾವುದರೊಡನೆಯೂ ಸುಲಭವಾಗಿ ವರ್ತಿಸದ ಅದೇ ಚಿನ್ನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುತ್ತದೆ. ಮುಖ್ಯ ಕಾರಣ ಮೇಲ್ಮೈ. ಒಂದು ಸೆಂಟಿಮೀಟರ್ ಉದ್ದಗಲ ಎತ್ತರದ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಸುಮಾರು ಒಂದೂವರೆ ಎಕರೆ. ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಆದರೆ ಹೊರಗಿನ ಜಗತ್ತಿನೊಡನೆ ವರ್ತಿಸಲು ಸಿಕ್ಕ ಜಾಗ ಒಂದು ಕೋಟಿ ಪಟ್ಟು ಹೆಚ್ಚಿದೆ.

ಈ ತಂತ್ರಜ್ಞಾನದ ಪರ ಮಾತಾಡುವವರ ವಾದದಲ್ಲಿ ಒಂದು ದೊಡ್ಡ ಬಿರುಕಿದೆ. ಪೇಟೆಂಟ್ ಕೇಳುವಾಗ, ಅನುದಾನ ಕೇಳುವಾಗ, ಜಾಹೀರಾತು ಕೊಡುವಾಗ ಇದು ಹೊಸ ವಸ್ತು, ಚಿಟಿಕೆಯಷ್ಟು ಸಾಕು, ಮೊದಲಿನದಕ್ಕಿಂತ ನೂರು ಪಟ್ಟು ಚುರುಕು ಎನ್ನುತ್ತಾರೆ. ಸುರಕ್ಷತೆಯ ಪ್ರಶ್ನೆ ಬಂದೊಡನೆ ಇದು ಶತಮಾನದಿಂದ ಬಳಸುತ್ತಿರುವ ಅದೇ ಬೆಳ್ಳಿ, ಅದೇ ಸತು, ಅದೇ ಇಂಗಾಲ, ಅದೂ ಚಿಟಿಕೆಯಷ್ಟೇ, ಭಯವೇಕೆ ಎನ್ನುತ್ತಾರೆ. ಈ ಎರಡೂ ಒಟ್ಟಿಗೆ ನಿಜವಾಗಲಾರವು. ಗುಣ ಹೊಸದಾದರೆ ದೋಷದ ಪರೀಕ್ಷೆಯೂ ಹೊಸದಾಗಿ ಆಗಬೇಕು.

ಅಂಥ ಪರೀಕ್ಷೆ ಮಾಡಿದಲ್ಲಿ ಕಂಡದ್ದೇನು? ಇಂಗಾಲದ ನ್ಯಾನೊ ಕೊಳವೆಗಳನ್ನು ನೋಡೋಣ. ಉಕ್ಕಿಗಿಂತ ಬಲವಾದ, ತಾಮ್ರದಂತೆ ವಿದ್ಯುತ್ ಹರಿಸಬಲ್ಲ ಈ ನೂಲಿನಂಥ ವಸ್ತುವಿಗೆ ಬ್ಯಾಟರಿಯಿಂದ ಹಿಡಿದು ವಿಮಾನದ ಬಿಡಿಭಾಗದವರೆಗೆ ಬೇಡಿಕೆಯಿದೆ. 2008ರಲ್ಲಿ ಎಡಿನ್‌ಬರೋದ ಕೆನ್ ಡೊನಾಲ್ಡ್‌ಸನ್ ಮತ್ತು ಸಂಗಡಿಗರು ಉದ್ದನೆಯ ನ್ಯಾನೊ ಕೊಳವೆಗಳನ್ನು ಇಲಿಗಳ ಹೊಟ್ಟೆಯ ಪೊರೆಗೆ ಚುಚ್ಚಿದಾಗ ಆಸ್ಬೆಸ್ಟಾಸ್ ಎಳೆಗಳು ಉಂಟುಮಾಡುವಂಥದೇ ಉರಿಯೂತ ಮತ್ತು ಗಂಟುಗಳು ಕಂಡವು. ಗಿಡ್ಡ ಕೊಳವೆಗಳು, ಸಿಕ್ಕುಗಟ್ಟಿ ಉಂಡೆಯಾದ ಕೊಳವೆಗಳು ಅಷ್ಟು ಹಾನಿ ಮಾಡಲಿಲ್ಲ. ದೇಹವನ್ನು ಕಾಯುವ ಭಕ್ಷಕ ಕೋಶ ಗಿಡ್ಡ ಎಳೆಯನ್ನು ಪೂರ್ತಿ ನುಂಗಿಬಿಡುತ್ತದೆ. ಉದ್ದದ್ದನ್ನು ನುಂಗಲಾರದೆ ಅರ್ಧಕ್ಕೇ ಸೋತು ಉರಿಯೂತದ ರಸಗಳನ್ನು ಹೊರಚೆಲ್ಲುತ್ತದೆ. ಅಂದರೆ ಅಪಾಯ ಇಂಗಾಲದ್ದಲ್ಲ, ಆಕಾರದ್ದು. ಅದೇ ವರ್ಷ ಜಪಾನಿನಲ್ಲಿ ಕ್ಯಾನ್ಸರಿಗೆ ಬೇಗ ತುತ್ತಾಗುವ ತಳಿಯ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಮೆಸೊಥೆಲಿಯೋಮಾ ಎಂಬ ಪೊರೆಯ ಕ್ಯಾನ್ಸರೇ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಒಂದು ಬಗೆಯ ಬಹುಪದರದ ನ್ಯಾನೊ ಕೊಳವೆಯನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳದ್ದು’ ಎಂಬ ಗುಂಪಿಗೆ ಸೇರಿಸಿತು. ಉಳಿದ ಬಗೆಗಳ ಬಗ್ಗೆ ತೀರ್ಪು ಕೊಡಲು ಪುರಾವೆ ಸಾಲದು ಎಂದಿತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಅದಕ್ಕೂ ಮುನ್ನ, 2013ರಲ್ಲೇ, ಕೆಲಸದ ಜಾಗದ ಗಾಳಿಯಲ್ಲಿ ಈ ಕೊಳವೆಗಳು ಘನ ಮೀಟರಿಗೆ 1 ಮೈಕ್ರೊಗ್ರಾಂ ಮೀರಬಾರದು ಎಂದು ಶಿಫಾರಸು ಮಾಡಿತ್ತು. ಅಲ್ಲಿನ ವಿಜ್ಞಾನಿಗಳು ಪುರಾವೆ ಪೂರ್ತಿಯಾಗಲಿ ಎಂದು ಕಾಯಲಿಲ್ಲ. ಇರುವ ಪುರಾವೆಗೆ ತಕ್ಕ ಮಿತಿ ಹಾಕಿದರು.

ಆಸ್ಬೆಸ್ಟಾಸ್ ಹೆಸರು ಬಂದದ್ದರಿಂದ ಅದರ ಕಾಲಗಣನೆಯನ್ನೂ ನೆನೆಯಬೇಕು. ಬ್ರಿಟನ್ನಿನ ಕಾರ್ಖಾನೆ ತನಿಖಾಧಿಕಾರಿ ಲೂಸಿ ಡೀನ್ 1898ರಲ್ಲೇ ಈ ಧೂಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, ಗಾಜಿನ ಚೂರಿನಂತೆ ಹರಿತವಾದ ಕಣಗಳು ಉಸಿರಾಟಕ್ಕೆ ಹಾನಿ ಮಾಡುತ್ತಿವೆ ಎಂದು ಸರ್ಕಾರಕ್ಕೆ ಬರೆದಿದ್ದರು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ನಡುವೆ ನೂರೊಂದು ವರ್ಷ. ಕೆಲಸದ ಜಾಗದಲ್ಲಿ ಆಸ್ಬೆಸ್ಟಾಸ್ ಉಸಿರಾಡಿದ್ದರಿಂದ ಜಗತ್ತಿನಲ್ಲಿ ಈಗಲೂ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ಭಾರತ ಇವತ್ತಿಗೂ ಬಿಳಿ ಆಸ್ಬೆಸ್ಟಾಸ್ ಆಮದು ಮಾಡಿಕೊಂಡು ಸಿಮೆಂಟ್ ಶೀಟ್ ತಯಾರಿಸುತ್ತಿದೆ. ನಮ್ಮ ಹಳ್ಳಿಗಳ ದನದ ಕೊಟ್ಟಿಗೆ, ಬೆಂಗಳೂರಿನ ಕೂಲಿಕಾರರ ಮನೆಗಳ ಮೇಲೆ ಅದೇ ಶೀಟು ಇದೆ.

ಎಲ್ಲ ಎಚ್ಚರಿಕೆಗಳೂ ನಿಜವಾಗುತ್ತವೆ ಎಂದು ನಾನು ಹೇಳುತ್ತಿಲ್ಲ. 2004ರಲ್ಲಿ ಫುಲರೀನ್ ಎಂಬ ಇಂಗಾಲದ ಕಣ ಮೀನುಗಳ ಮಿದುಳಿಗೆ ಹಾನಿ ಮಾಡುತ್ತದೆ ಎಂಬ ಅಧ್ಯಯನ ದೊಡ್ಡ ಸುದ್ದಿಯಾಯಿತು. ಆ ಕಣಗಳನ್ನು ನೀರಿನಲ್ಲಿ ಬೆರೆಸಲು ಬಳಸಿದ್ದ ದ್ರಾವಕವೇ ಕೆಡುಕಿನ ಮೂಲವಾಗಿರಬಹುದು ಎಂದು ನಂತರದ ಸಂಶೋಧನೆ ತೋರಿಸಿತು. 2006ರಲ್ಲಿ ಜರ್ಮನಿಯಲ್ಲಿ ‘ಮ್ಯಾಜಿಕ್ ನ್ಯಾನೊ’ ಎಂಬ ಸ್ವಚ್ಛತಾ ಸ್ಪ್ರೇ ಬಳಸಿದ ಸುಮಾರು ನೂರು ಜನರಿಗೆ ಉಸಿರು ಕಟ್ಟಿತು, ಕೆಲವರು ಆಸ್ಪತ್ರೆ ಸೇರಿದರು. ತನಿಖೆ ಮಾಡಿದಾಗ ಆ ಡಬ್ಬಿಯಲ್ಲಿ ನ್ಯಾನೊ ಕಣಗಳೇ ಇರಲಿಲ್ಲ! ಈ ಎರಡೂ ಘಟನೆಗಳನ್ನು ನ್ಯಾನೊ ನಿರಪಾಯಕಾರಿ ಎಂಬುದಕ್ಕೆ ಸಾಕ್ಷಿಯಾಗಿ ಬಳಸುವವರಿದ್ದಾರೆ. ನನಗೆ ಅವು ಬೇರೆಯೇ ಸಂಗತಿ ಹೇಳುತ್ತವೆ. ಮೊದಲನೆಯದರಲ್ಲಿ ಸತ್ಯ ಹೊರಬಂದದ್ದು ಮತ್ತೊಬ್ಬರು ಪರೀಕ್ಷಿಸಿದ್ದರಿಂದ. ಎರಡನೆಯದರಲ್ಲಿ ಗೊಂದಲವಾದದ್ದು ಡಬ್ಬಿಯೊಳಗೆ ಏನಿದೆ ಎಂದು ಹೇಳಬೇಕಾದ ಕಟ್ಟುಪಾಡು ಇಲ್ಲದ್ದರಿಂದ.

ಉಪಕಾರವನ್ನು ಮರೆಯಬಾರದು. ಕೋವಿಡ್ ಕಾಲದಲ್ಲಿ ಫೈಜರ್ ಮತ್ತು ಮಾಡರ್ನಾ ಲಸಿಕೆಗಳು ಜೀವಕೋಶದೊಳಗೆ ತಲುಪಿದ್ದು ಕೊಬ್ಬಿನ ನ್ಯಾನೊ ಕಣಗಳ ಹೊದಿಕೆಯೊಳಗೆ. ಕ್ಯಾನ್ಸರ್ ಔಷಧ ಡಾಕ್ಸಿಲ್ 1995ರಿಂದ ಬಳಕೆಯಲ್ಲಿದೆ. ಹೃದಯಕ್ಕೆ ಪೆಟ್ಟು ಕೊಡುತ್ತಿದ್ದ ಮದ್ದನ್ನು ನ್ಯಾನೊ ಗಾತ್ರದ ಕೋಶದಲ್ಲಿಟ್ಟು ಆ ಪೆಟ್ಟನ್ನು ಕಡಿಮೆ ಮಾಡಿದ್ದು ಅದರ ಸಾಧನೆ. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಅವರ ತಂಡ ಕಬ್ಬಿಣದ ಸಂಯುಕ್ತದ ನ್ಯಾನೊ ರೂಪದಿಂದ ಕುಡಿಯುವ ನೀರಿನ ಆರ್ಸೆನಿಕ್ ತೆಗೆಯುವ ಅಗ್ಗದ ಫಿಲ್ಟರ್ ಮಾಡಿದೆ. ಯಾದಗಿರಿ, ರಾಯಚೂರು ಜಿಲ್ಲೆಗಳ ಕೆಲವು ಊರುಗಳ ಕೊಳವೆಬಾವಿಯಲ್ಲಿ ಆರ್ಸೆನಿಕ್ ಕಂಡ ನಮಗೆ ಅದರ ಬೆಲೆ ಗೊತ್ತು. ಗಮನಿಸಿ, ಔಷಧಗಳು ಮನುಷ್ಯರ ಮೇಲೆ ಹಂತಹಂತವಾಗಿ ಪರೀಕ್ಷೆಯಾಗಿ, ಅಡ್ಡಪರಿಣಾಮ ದಾಖಲಾಗಿ ಬಂದವು. ನ್ಯಾನೊ ತಂತ್ರಜ್ಞಾನದ ಅತಿ ದೊಡ್ಡ ಗೆಲುವುಗಳು ನಿಯಂತ್ರಣ ಅತಿ ಬಿಗಿಯಾಗಿರುವ ಕ್ಷೇತ್ರದಲ್ಲೇ ಬಂದಿವೆ.

ಕಾಲುಚೀಲಕ್ಕೆ ಅಂಥ ಪರೀಕ್ಷೆ ಇಲ್ಲ. ಬೆವರಿನ ವಾಸನೆ ಬಾರದಿರಲಿ ಎಂದು ನ್ಯಾನೊ ಬೆಳ್ಳಿ ಸೇರಿಸಿದ ಕಾಲುಚೀಲಗಳನ್ನು ಅಮೆರಿಕದ ಅರಿಜೋನಾದ ವಿಶ್ವವಿದ್ಯಾಲಯವೊಂದರ ಸಂಶೋಧಕರು 2008ರಲ್ಲಿ ನೀರಿನಲ್ಲಿ ತೊಳೆದು ನೋಡಿದರು. ಕೆಲವು ಕಾಲುಚೀಲಗಳ ಬಹುಪಾಲು ಬೆಳ್ಳಿ ನಾಲ್ಕೇ ಒಗೆತಕ್ಕೆ ನೀರು ಸೇರಿತು. ಕೊಳ್ಳುವವರಿಗೆ ಲಾಭ ಉಳಿಯಲಿಲ್ಲ, ಬೆಳ್ಳಿ ಚರಂಡಿ ಸೇರಿತು. ಒಳಚರಂಡಿಯಲ್ಲಿ ಅದರ ಬಹುಭಾಗ ಗಂಧಕದೊಡನೆ ಸೇರಿ ಕಡಿಮೆ ವಿಷಕಾರಿಯಾದ ಸಿಲ್ವರ್ ಸಲ್ಫೈಡ್ ಆಗುತ್ತದೆ ಎಂಬುದು ಸಮಾಧಾನದ ಸಂಗತಿ. ಆದರೂ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವಾಗ, ಆ ನೀರಿನ ಗುಣಮಟ್ಟದ ಮಾನದಂಡಗಳಲ್ಲಿ ನ್ಯಾನೊ ಕಣಗಳ ಹೆಸರೇ ಇಲ್ಲ ಎಂಬುದನ್ನು ಕೋಲಾರದವರು ತಿಳಿದಿರಬೇಕು.

ತಿನ್ನುವ ಪದಾರ್ಥಗಳಿಗೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡ್ ಕತೆಯಲ್ಲಿ ತಜ್ಞರೇ ಎರಡು ಬಣವಾಗಿದ್ದಾರೆ. ಅದರ ಕಣಗಳಲ್ಲಿ ಒಂದು ಪಾಲು ನ್ಯಾನೊ ಗಾತ್ರದವು. ಅದು ವಂಶವಾಹಿಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಹೇಳಿತು. 2022ರಲ್ಲಿ ಯುರೋಪ್ ಒಕ್ಕೂಟ ಆಹಾರದಲ್ಲಿ ಅದರ ಬಳಕೆ ನಿಲ್ಲಿಸಿತು. ಬ್ರಿಟನ್ ಮತ್ತು ಅಮೆರಿಕ ಈ ತೀರ್ಮಾನ ಒಪ್ಪಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ಜಂಟಿ ಸಮಿತಿಯೂ 2023ರಲ್ಲಿ ಬಳಕೆ ಮುಂದುವರಿಯಬಹುದು ಎಂದಿತು. ಯಾರು ಸರಿ ಎಂಬುದಕ್ಕಿಂತ, ಬಿಳುಪಿನ ಹೊರತು ಮತ್ತಾವ ಪ್ರಯೋಜನವೂ ಇಲ್ಲದ ವಸ್ತುವಿಗಾಗಿ ಮಕ್ಕಳ ಮಿಠಾಯಿಯಲ್ಲಿ ಎಷ್ಟು ಅನಿಶ್ಚಿತತೆ ಸಹಿಸಬೇಕು ಎಂಬುದು ಇಲ್ಲಿನ ಪ್ರಶ್ನೆ. ಜೀವ ಉಳಿಸುವ ಲಸಿಕೆಯಲ್ಲಿ ಸಣ್ಣ ಅಪಾಯ ಒಪ್ಪಬಹುದು. ಮಿಠಾಯಿಯ ಹೊಳಪಿಗೆ ಒಪ್ಪಬೇಕಿಲ್ಲ. ಯುರೋಪಿನ ತೀರ್ಮಾನವೇ ನನಗೆ ಸರಿ ಕಾಣುತ್ತದೆ.

ಈಗ ನಮ್ಮ ಹೊಲಕ್ಕೆ ಬರೋಣ. ರೈತರ ಸಹಕಾರಿ ಸಂಸ್ಥೆ ಇಫ್ಕೊ 2021ರ ಮೇ 31ರಂದು ಜಗತ್ತಿನ ಮೊದಲ ನ್ಯಾನೊ ಯೂರಿಯಾವನ್ನು ಘೋಷಿಸಿತು. ಗುಜರಾತಿನ ಕಲೋಲ್ ಘಟಕವನ್ನು 2022ರ ಮೇ ತಿಂಗಳಲ್ಲಿ ಪ್ರಧಾನಿ ಉದ್ಘಾಟಿಸಿದರು. ಅದೇ ವರ್ಷ ನಮ್ಮ ದೇವನಹಳ್ಳಿ ಬಳಿಯ ಘಟಕಕ್ಕೂ ಶಂಕುಸ್ಥಾಪನೆಯಾಯಿತು. 500 ಮಿಲಿಲೀಟರಿನ ಒಂದು ಬಾಟಲಿ 45 ಕಿಲೊ ಯೂರಿಯಾ ಮೂಟೆಗೆ ಸಮ ಎಂಬುದು ಪ್ರಚಾರ. 2025ರ ಹೊತ್ತಿಗೆ 44 ಕೋಟಿ ಬಾಟಲಿ ತಯಾರಿಸುವ ಸಾಮರ್ಥ್ಯ ಬರುತ್ತದೆ, ಅದು 195 ಲಕ್ಷ ಟನ್ ಯೂರಿಯಾಕ್ಕೆ ಸಮ ಎಂದು ಕೇಂದ್ರ ಸರ್ಕಾರ ಹೇಳಿತು. ದೇಶದ ವಾರ್ಷಿಕ ಯೂರಿಯಾ ಬಳಕೆಯ ಅರ್ಧಕ್ಕಿಂತ ಹೆಚ್ಚು ಅದು.

ಲೆಕ್ಕ ಹಾಕಿ ನೋಡಿ. ಮೊದಲ ನ್ಯಾನೊ ಯೂರಿಯಾದಲ್ಲಿ ಸಾರಜನಕ ಶೇ 4. ಅಂದರೆ ಬಾಟಲಿಯಲ್ಲಿ 20 ಗ್ರಾಂ. ಮಾಮೂಲಿ ಯೂರಿಯಾದಲ್ಲಿ ಶೇ 46, ಅಂದರೆ ಮೂಟೆಯಲ್ಲಿ 20 ಕಿಲೊ 700 ಗ್ರಾಂ. ಮಣ್ಣಿಗೆ ಹಾಕಿದ ಯೂರಿಯಾದ ಮುಕ್ಕಾಲು ಪಾಲು ಆವಿಯಾಗಿಯೋ ಇಂಗಿಯೋ ಪೋಲಾಗುತ್ತದೆ ಎಂದೇ ಇಟ್ಟುಕೊಳ್ಳಿ, ಉಳಿದ ಕಾಲು ಪಾಲು ಐದು ಕಿಲೊ ಮೀರುತ್ತದೆ. ಬಾಟಲಿಯ ಒಂದು ಗ್ರಾಮೂ ಪೋಲಾಗದೆ ಎಲೆಯೊಳಗೆ ಇಳಿದರೂ ಅಲ್ಲಿರುವುದು 20 ಗ್ರಾಂ. ಸುಮಾರು ಒಂದು ಕಿಲೊ ಗೋಧಿ ಕಾಳಿನ ಪ್ರೋಟೀನಿನಲ್ಲಿರುವ ಸಾರಜನಕ ಅಷ್ಟು. ಒಂದು ಎಕರೆ ಬೆಳೆಯ ಹಸಿವು ಅಷ್ಟರಲ್ಲಿ ಹೇಗೆ ತೀರೀತು? ಗಾತ್ರ ಚಿಕ್ಕದಾದ ಮಾತ್ರಕ್ಕೆ ಇಲ್ಲದ ಸಾರಜನಕ ಹುಟ್ಟುವುದಿಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಫ್ರಾಂಕ್ ಮತ್ತು ಸೋರೆನ್ ಹುಸ್ಟೆಡ್ 2023ರಲ್ಲಿ ‘ಪ್ಲಾಂಟ್ ಅಂಡ್ ಸಾಯಿಲ್’ ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನೇ ಎತ್ತಿದರು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಎರಡು ವರ್ಷ ತಾಕುಗಳಲ್ಲಿ ಬೆಳೆದು ನೋಡಿತು. ಶಿಫಾರಸು ಮಾಡಿದಷ್ಟು ಮಾಮೂಲಿ ಸಾರಜನಕ ಕೊಟ್ಟ ತಾಕುಗಳಿಗೆ ಹೋಲಿಸಿದರೆ ನ್ಯಾನೊ ಯೂರಿಯಾ ತಾಕುಗಳಲ್ಲಿ ಗೋಧಿ ಇಳುವರಿ ಶೇ 21.6, ಭತ್ತದ್ದು ಶೇ 13 ಕಡಿಮೆಯಾಗಿತ್ತು. ಕಾಳಿನ ಪ್ರೋಟೀನ್ ಕೂಡ ತಗ್ಗಿತ್ತು.

ಇಫ್ಕೊ ತನ್ನ ಕ್ಷೇತ್ರ ಪ್ರಯೋಗಗಳಲ್ಲಿ ಇಳುವರಿ ಹೆಚ್ಚಿದೆ ಎನ್ನುತ್ತದೆ, ಮೇಲುಗೊಬ್ಬರದ ಬದಲು ಮಾತ್ರ ಸಿಂಪಡಿಸಿ ಎಂದೂ ಹೇಳುತ್ತದೆ. 2024ರಲ್ಲಿ ಸಾರಜನಕದ ಪ್ರಮಾಣ ಹಲವು ಪಟ್ಟು ಏರಿಸಿದ ‘ನ್ಯಾನೊ ಯೂರಿಯಾ ಪ್ಲಸ್’ ತಂದಿತು. ಮೊದಲಿನದೇ ಒಂದು ಮೂಟೆಗೆ ಸಮವಾಗಿದ್ದರೆ ಇದರ ಅಗತ್ಯವೇನಿತ್ತು ಎಂಬುದಕ್ಕೆ ನನಗೆ ಸಮಾಧಾನದ ಉತ್ತರ ಸಿಕ್ಕಿಲ್ಲ. ಈ ನಡುವೆ ಯೂರಿಯಾ ಮೂಟೆ ಬೇಕಾದರೆ ನ್ಯಾನೊ ಬಾಟಲಿಯನ್ನೂ ಕೊಳ್ಳಲೇಬೇಕು ಎಂದು ಅಂಗಡಿ, ಸೊಸೈಟಿಗಳಲ್ಲಿ ಒತ್ತಾಯ ಮಾಡುತ್ತಾರೆಂಬ ದೂರು ದೇಶದ ಎಲ್ಲೆಡೆಯಿಂದ ಬಂತು. 2025ರ ಜುಲೈನಲ್ಲಿ ಕೇಂದ್ರ ಕೃಷಿ ಸಚಿವರೇ ಇಂಥ ಒತ್ತಾಯ ತಡೆಯಿರಿ ಎಂದು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಬಾಟಲಿಗೆ ಸಬ್ಸಿಡಿ ಇಲ್ಲ. ಅದು ಮಾರಾಟವಾದಷ್ಟೂ ಖಜಾನೆಗೆ ಉಳಿತಾಯ, ಇಳುವರಿ ಕುಸಿದರೆ ನಷ್ಟ ಮಾತ್ರ ರೈತನದು. ಲಾಭ ಒಬ್ಬರಿಗೆ, ಅಪಾಯ ಮತ್ತೊಬ್ಬರಿಗೆ ಎಂಬ ಈ ಹಂಚಿಕೆಯನ್ನು ಸಾರ್ವಜನಿಕ ನೀತಿ ಎಂದು ಕರೆಯಲು ನನಗೆ ಮನಸ್ಸು ಬಾರದು.

ಯೂರಿಯಾ ಕಣ ವಿಷ ಎಂದು ನಾನು ಹೆದರಿಸುತ್ತಿಲ್ಲ. ಯೂರಿಯಾ ನಮ್ಮ ದೇಹವೇ ದಿನವೂ ತಯಾರಿಸುವ ವಸ್ತು, ಹೆಚ್ಚಿದ್ದು ಮೂತ್ರದಲ್ಲಿ ಹೋಗುತ್ತದೆ. ನನ್ನ ಕಳವಳ ಇರುವುದು ಅದು ಬಂದ ದಾರಿಯ ಬಗ್ಗೆ. ಗೊಬ್ಬರ ನಿಯಂತ್ರಣ ಆದೇಶದಡಿ ಮೂರು ವರ್ಷದ ತಾತ್ಕಾಲಿಕ ಒಪ್ಪಿಗೆ, ಕೂಡಲೇ ಕೋಟಿಗಟ್ಟಲೆ ಬಾಟಲಿ ಉತ್ಪಾದನೆ, ಸ್ವತಂತ್ರ ಪರೀಕ್ಷೆಯ ಫಲಿತಾಂಶ ಆಮೇಲೆ. ಇದೇ ದಾರಿಯಲ್ಲಿ 2024ರಲ್ಲಿ ನ್ಯಾನೊ ಸತು, ನ್ಯಾನೊ ತಾಮ್ರಕ್ಕೂ ಮೂರು ವರ್ಷದ ಒಪ್ಪಿಗೆ ಸಿಕ್ಕಿದೆ. ತಾಮ್ರ ಯೂರಿಯಾದಂತಲ್ಲ. ಅದು ಕರಗಿ ಮಾಯವಾಗುವುದಿಲ್ಲ, ಮಣ್ಣಿನಲ್ಲಿ ಉಳಿಯುತ್ತದೆ. ಮೀನಿಗೆ, ನೀರಿನ ಪಾಚಿಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದು ವಿಷವಾಗುತ್ತದೆ ಎಂಬುದು ಹಳೆಯ ಜ್ಞಾನ. ಮಲೆನಾಡಿನವರು ಅಡಿಕೆಗೆ ಮೈಲುತುತ್ತದ ಬೋರ್ಡೊ ದ್ರಾವಣ ಹೊಡೆಯುವುದು ಕೊಳೆರೋಗ ತರುವ ಜೀವಿಯನ್ನು ಕೊಲ್ಲಲೆಂದೇ. ಯುರೋಪಿನ ದ್ರಾಕ್ಷಿತೋಟಗಳಲ್ಲಿ ದಶಕಗಳ ಸಿಂಪಡಣೆಯಿಂದ ಮಣ್ಣಿನಲ್ಲಿ ತಾಮ್ರ ಜಮೆಯಾಗಿರುವುದು ದಾಖಲಾಗಿದೆ. ನ್ಯಾನೊ ತಾಮ್ರದ ಪ್ರಮಾಣ ಬೋರ್ಡೊಗಿಂತ ಎಷ್ಟೋ ಕಡಿಮೆ ಎಂಬುದು ನಿಜ. ಆದರೆ ಕಡಿಮೆ ಪ್ರಮಾಣಕ್ಕೇ ಹೆಚ್ಚು ಕೆಲಸ ಮಾಡುತ್ತದೆ ಎಂದು ಮಾರುವ ವಸ್ತುವನ್ನು, ಕಡಿಮೆ ಪ್ರಮಾಣವಿರುವುದರಿಂದ ನಿರುಪದ್ರವಿ ಎನ್ನಲಾಗದು. ಅದನ್ನು ಬೆನ್ನಿನ ಪಂಪಿನಲ್ಲಿ ತುಂಬಿ, ಮುಖಕ್ಕೆ ಟವೆಲ್ ಸುತ್ತಿಕೊಂಡು ಗಾಳಿಗೆ ಎದುರಾಗಿ ಹೊಡೆಯುವವರು ಕೂಲಿಕಾರರು. ರಾಚೆಸ್ಟರ್ ವಿಶ್ವವಿದ್ಯಾಲಯದ ಗುಂಟರ್ ಒಬರ್ಡೋರ್‌ಸ್ಟರ್ 2004ರಲ್ಲೇ, ಇಲಿಗಳು ಉಸಿರಾಡಿದ ಅತಿಸೂಕ್ಷ್ಮ ಇಂಗಾಲದ ಕಣಗಳು ಮೂಗಿನ ನರದ ಹಾದಿ ಹಿಡಿದು ಮಿದುಳಿನ ಮುಂಭಾಗ ಸೇರಿದ್ದನ್ನು ತೋರಿಸಿದ್ದಾರೆ. ಕೂಲಿಯವರ ಟವೆಲ್ ಇಂಥ ಕಣವನ್ನು ತಡೆಯುವುದಿಲ್ಲ.

ಮೊದಲು ಸಿಂಪಡಿಸಿ ಆಮೇಲೆ ಕಣ್ಣುಬಿಟ್ಟ ಅನುಭವ ಕನ್ನಡಿಗರಿಗೆ ಹೊಸದಲ್ಲ. ಕಾಸರಗೋಡಿನ ಪಡ್ರೆಯಲ್ಲಿ ಕೈಕಾಲು ತಿರುಚಿದ ಕರುಗಳು ಹುಟ್ಟುತ್ತಿದ್ದುದನ್ನು 1979ರಲ್ಲೇ ಗಮನಿಸಿ, ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಸುರಿಯುತ್ತಿದ್ದ ಎಂಡೋಸಲ್ಫಾನ್ ಬಗ್ಗೆ ಎಚ್ಚರಿಸಿದವರು ಪತ್ರಕರ್ತ ಶ್ರೀಪಡ್ರೆ. ಸಿಂಪಡಣೆ ನಿಂತದ್ದು ಎರಡು ದಶಕಗಳ ಮೇಲೆ. ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ಗಡಿಯ ಈಚೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಸುತ್ತಮುತ್ತಲ ಮನೆಗಳಲ್ಲಿ ಹಾಸಿಗೆಯಿಂದ ಏಳಲಾಗದ ಮಕ್ಕಳನ್ನು ಸಾಕುತ್ತಿರುವ ತಾಯಂದಿರು ಇಂದಿಗೂ ಮಾಸಾಶನಕ್ಕೆ ಕಾಯುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕತೆ ಅದು. ಆದರೂ ಎಂಡೋಸಲ್ಫಾನಿಗೆ ಹೆಸರಿತ್ತು, ಡ್ರಮ್ಮಿನ ಮೇಲೆ ಚೀಟಿ ಇತ್ತು, ಯಾವ ತೋಟಕ್ಕೆ ಯಾವ ವರ್ಷ ಸುರಿದರೆಂಬ ನೆನಪು ಊರಿಗಿತ್ತು. ಹಾಗಾಗಿ ಕೊನೆಗಾದರೂ ಕಾರಣವನ್ನು ಬೆರಳು ತೋರಿ ಹೇಳಲಾಯಿತು. ಹೆಸರಿಲ್ಲದ ಕಣದ ವಿಷಯದಲ್ಲಿ ಅದೂ ಆಗುವುದಿಲ್ಲ.

ಬ್ರಿಟನ್ನಿನ ರಾಯಲ್ ಸೊಸೈಟಿ ಮತ್ತು ರಾಯಲ್ ಎಂಜಿನಿಯರಿಂಗ್ ಅಕಾಡೆಮಿ ಸೇರಿ 2004ರಲ್ಲಿ ಒಂದು ವರದಿ ಕೊಟ್ಟವು. ಕಾರ್ಖಾನೆ, ಪ್ರಯೋಗಾಲಯಗಳಲ್ಲಿ ನ್ಯಾನೊ ಕಣಗಳನ್ನು ಅಪಾಯಕಾರಿ ಎಂದೇ ಭಾವಿಸಿ ನಡೆದುಕೊಳ್ಳಿ, ಪರಿಸರಕ್ಕೆ ಬಿಡುವುದನ್ನು ಆದಷ್ಟು ತಪ್ಪಿಸಿ, ಹಳೆಯ ವಸ್ತುವೇ ಆದರೂ ನ್ಯಾನೊ ರೂಪವನ್ನು ಹೊಸ ರಾಸಾಯನಿಕವೆಂದು ಪರಿಗಣಿಸಿ ಎಂಬುದು ಅದರ ಸಾರ. ಯುರೋಪ್ ನಿಧಾನವಾಗಿ ಅತ್ತ ನಡೆದಿದೆ. 2013ರಿಂದ ಅಲ್ಲಿ ಸೌಂದರ್ಯವರ್ಧಕಗಳ ಮೇಲೆ ‘ನ್ಯಾನೊ’ ಎಂದು ನಮೂದಿಸುವುದು ಕಡ್ಡಾಯ. ಅದೇ ವರ್ಷದಿಂದ ಫ್ರಾನ್ಸಿನಲ್ಲಿ ವರ್ಷಕ್ಕೆ 100 ಗ್ರಾಂ ನ್ಯಾನೊ ವಸ್ತು ತಯಾರಿಸಿದರೂ ಆಮದು ಮಾಡಿದರೂ ಹಂಚಿದರೂ ಸರ್ಕಾರಕ್ಕೆ ಲೆಕ್ಕ ಕೊಡಬೇಕು. 2020ರಿಂದ ಯುರೋಪಿನ ರಾಸಾಯನಿಕ ಕಾನೂನು ನ್ಯಾನೊ ರೂಪಗಳಿಗೆ ಪ್ರತ್ಯೇಕ ಸುರಕ್ಷತಾ ಮಾಹಿತಿ ಕೇಳುತ್ತದೆ.

ಭಾರತ 2007ರಲ್ಲಿ ಐದು ವರ್ಷಕ್ಕೆ 1,000 ಕೋಟಿ ರೂಪಾಯಿಯ ನ್ಯಾನೊ ಮಿಷನ್ ಆರಂಭಿಸಿತು. ಪ್ರೊ. ಸಿ.ಎನ್.ಆರ್. ರಾವ್ ಅದರ ಮಾರ್ಗದರ್ಶಕರಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಜವಾಹರಲಾಲ್ ನೆಹರು ಕೇಂದ್ರಗಳು ಜಗತ್ತು ಮೆಚ್ಚುವ ಕೆಲಸ ಮಾಡಿದವು. ಸಂಶೋಧನಾ ಪ್ರಬಂಧಗಳ ಸಂಖ್ಯೆಯಲ್ಲಿ ನಾವು ಮುಂಚೂಣಿಗೆ ಬಂದೆವು. ಲಖನೌದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ನ್ಯಾನೊ ವಿಷತ್ವದ ಒಳ್ಳೆಯ ಅಧ್ಯಯನಗಳೂ ನಡೆದಿವೆ. 2019ರಲ್ಲಿ ನ್ಯಾನೊ ಔಷಧಗಳಿಗೆ, 2020ರಲ್ಲಿ ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳಿಗೆ ಮಾರ್ಗಸೂಚಿ ಬಂದವು. ಮಾರ್ಗಸೂಚಿ ಕಾನೂನಲ್ಲ. ದೇಶದಲ್ಲಿ ಯಾವ ಊರಲ್ಲಿ, ಯಾವ ಕಾರ್ಖಾನೆ, ಯಾವ ನ್ಯಾನೊ ವಸ್ತುವನ್ನು ಎಷ್ಟು ತಯಾರಿಸುತ್ತಿದೆ ಎಂದು ಹೇಳುವ ಸಾರ್ವಜನಿಕ ನೋಂದಣಿ ಇಲ್ಲ. ಕಾರ್ಖಾನೆಗಳ ಕಾನೂನಿನ ರಾಸಾಯನಿಕ ಮಿತಿಗಳ ಪಟ್ಟಿಯಲ್ಲಿ ಆಸ್ಬೆಸ್ಟಾಸ್ ಇದೆ, ಸಿಲಿಕಾ ಧೂಳು ಇದೆ, ನ್ಯಾನೊ ಕೊಳವೆ ಇಲ್ಲ. ಸೌಂದರ್ಯವರ್ಧಕದ ಡಬ್ಬಿಯ ಮೇಲೆ ನ್ಯಾನೊ ಎಂದು ಬರೆಯುವ ಕಡ್ಡಾಯ ಇಲ್ಲ. ಮಾರಾಟಕ್ಕೆ ಅನುಕೂಲವಾದರೆ ಬರೆಯುತ್ತಾರೆ, ಇಲ್ಲದಿದ್ದರೆ ಇಲ್ಲ.

ನಿಯಮ ಹೆಚ್ಚಿದರೆ ಸಂಶೋಧನೆ ಸಾಯುತ್ತದೆ, ಚೀನಾ ಮುಂದೆ ಹೋಗುತ್ತದೆ ಎಂಬ ಆಕ್ಷೇಪ ವಿಜ್ಞಾನಿಗಳಿಂದಲೂ ಬರುತ್ತದೆ. ಆದರೆ ನಾಳೆ ಒಂದು ಬಿಳಿ ಪುಡಿ ಗಾಳಿಗೆ ಹಾರಿ ಹತ್ತು ಮಂದಿ ಕಾರ್ಮಿಕರು ಸತ್ತ ಸುದ್ದಿ ಬಂದರೆ, ಆ ದಿನ ಒಳ್ಳೆಯ ನ್ಯಾನೊ, ಕೆಟ್ಟ ನ್ಯಾನೊ ಎಂಬ ವ್ಯತ್ಯಾಸವನ್ನು ಜನ ಮಾಡುವುದಿಲ್ಲ. ಆರ್ಸೆನಿಕ್ ತೆಗೆಯುವ ಫಿಲ್ಟರಿನ ಮೇಲಿನ ನಂಬಿಕೆಯೂ ಅದೇ ದಿನ ಹೋಗುತ್ತದೆ. ಈ ವಿಜ್ಞಾನವನ್ನು ಪ್ರೀತಿಸುವವರೇ ಮೊದಲು ನಿಯಮ ಕೇಳಬೇಕು.

ಕೇಂದ್ರ ಸರ್ಕಾರ ಮಾಡಬೇಕಾದ್ದು ಹೆಚ್ಚಿದೆ: ಕಡ್ಡಾಯ ನೋಂದಣಿ, ಡಬ್ಬಿಯ ಮೇಲೆ ನಮೂದು, ಕಾರ್ಖಾನೆಯ ಗಾಳಿಗೆ ಮಿತಿ, ನ್ಯಾನೊ ಸಂಶೋಧನೆಯ ಹಣದಲ್ಲಿ ಸುರಕ್ಷತಾ ಅಧ್ಯಯನಕ್ಕೆ ಮೀಸಲಾದ ಒಂದು ಪಾಲು. ಅದಕ್ಕಾಗಿ ಕರ್ನಾಟಕ ಕಾಯಬೇಕಿಲ್ಲ. ರಾಜ್ಯದ ಕಾರ್ಖಾನೆಗಳ ಇಲಾಖೆ ಪೀಣ್ಯ, ಬೊಮ್ಮಸಂದ್ರ, ದೇವನಹಳ್ಳಿಗಳ ಯಾವ ಘಟಕದಲ್ಲಿ ನ್ಯಾನೊ ಪುಡಿ ಬಳಕೆಯಲ್ಲಿದೆ ಎಂಬ ಪಟ್ಟಿಯನ್ನು ಈ ವರ್ಷವೇ ಮಾಡಬಹುದು. ಅಲ್ಲಿ ದುಡಿಯುವವರ ಶ್ವಾಸಕೋಶದ ಸಾಮರ್ಥ್ಯವನ್ನು ಇಂದು ಅಳೆದು ಬರೆದಿಟ್ಟರೆ ಹತ್ತು ವರ್ಷದ ನಂತರ ಹೋಲಿಸಲು ಒಂದು ಅಂಕಿಯಾದರೂ ಇರುತ್ತದೆ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗ ಕೃಷಿ ವಿಶ್ವವಿದ್ಯಾಲಯಗಳು ರಾಗಿ, ಜೋಳ, ಭತ್ತ, ಮೆಕ್ಕೆಜೋಳದ ತಾಕುಗಳಲ್ಲಿ ನ್ಯಾನೊ ಗೊಬ್ಬರಗಳನ್ನು ಸ್ವತಂತ್ರವಾಗಿ ಪರೀಕ್ಷಿಸಿ, ಇಳುವರಿ ಏರಿದ್ದರೆ ಏರಿದೆ ಎಂದು, ಇಳಿದಿದ್ದರೆ ಇಳಿದಿದೆ ಎಂದು ಕನ್ನಡದಲ್ಲಿ ಪ್ರಕಟಿಸಲಿ. ನ್ಯಾನೊ ತಾಮ್ರದ ಮೂರು ವರ್ಷದ ತಾತ್ಕಾಲಿಕ ಒಪ್ಪಿಗೆಯ ಅವಧಿ 2027ರಲ್ಲಿ ಮುಗಿಯುತ್ತದೆ. ಅದನ್ನು ಮುಂದುವರಿಸುವ ಮುನ್ನ ಆ ತಾಕುಗಳ ಮಣ್ಣಿನ ಮತ್ತು ಸಿಂಪಡಿಸಿದವರ ಆರೋಗ್ಯದ ವರದಿ ಮೇಜಿನ ಮೇಲಿರಬೇಕು ಎಂದು ರೈತ ಸಂಘಟನೆಗಳು ಈಗಲೇ ಪಟ್ಟು ಹಿಡಿಯಬೇಕು.